ರೆಪ್ಪೆಯಿಲ್ಲದ ಕಣ್ಣು

ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂಬ ಗಾದೆಯನ್ನು ನನ್ನ ಮಿತ್ರರೊಬ್ಬರ ಶ್ರೀಮತಿಯವರು ದಿನಕ್ಕೊಮ್ಮೆಯಾದರೂ ಹೇಳದೆ ಇರುವುದಿಲ್ಲ. ಮಿತ್ರರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಅವರ ಓರಗೆಯವರೆಲ್ಲ ಬೆಳಗಿನ ನಡಿಗೆ, ಸಂಜೆಯ ಪ್ರವಚನ, ನಡುವೆ ಮೊಮ್ಮಕ್ಕಳು ಎಂದು ನೆಮ್ಮದಿಯಾಗಿದ್ದರೆ, ಇವರು ಮಾತ್ರ ಹಳೆಯ ಜಪಾನೀ ಕ್ಯಾಮೆರಾಗಳ ಬೆನ್ನು ಹತ್ತಿದ್ದಾರೆ. ಅದೂ ಸಾಮಾನ್ಯ ಕ್ಯಾಮೆರಾಗಳಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸೈನ್ಯಕ್ಕಾಗಿಯೋ ಪ್ರಯೋಗಶಾಲೆಗಾಗಿಯೋ ಆಸ್ಪತ್ರೆಗಾಗಿಯೋ ಕೆಲವೇ ಕೆಲವು ಸಂಖ್ಯೆಯಲ್ಲಿ ತಯಾರಾದವು.

“ನೀವಾದರೂ ಹೇಳಿ,” ಎಂದರು ಆಕೆ ನನಗೆ ಕಾಫಿ ಕೊಡುತ್ತ. “ಮನೆಯಲ್ಲಿ ಹನ್ನೊಂದು ಕ್ಯಾಮೆರಾ ಇವೆ. ಮಗಳ ಸೀಮಂತಕ್ಕೆ ಫೋಟೋ ತೆಗೆಯಲು ಒಂದೂ ಆಗಲಿಲ್ಲ. ಹೊರಗಿನಿಂದ ಒಬ್ಬನನ್ನು ಕರೆಸಬೇಕಾಯಿತು.”

ಮಿತ್ರರು ಕೇಳಿಸಿಕೊಳ್ಳದವರಂತೆ ಬೀರುವಿನ ಬಾಗಿಲು ತೆರೆದರು. ಒಳಗೊಂದು ಸಣ್ಣ ವಿದ್ಯುದ್ದೀಪ ಸದಾ ಉರಿಯುತ್ತಿತ್ತು. ತೇವಕ್ಕೆ ಹೆದರಿ ಮಾಡಿದ ಏರ್ಪಾಡು ಅದು. ನಮ್ಮ ಮಳೆಗಾಲದಲ್ಲಿ ಮಸೂರದ ಗಾಜಿನ ಮೇಲೂ ಬೂಷ್ಟು ಹಬ್ಬುತ್ತದೆ ಎಂಬುದು ಬಹಳ ಜನಕ್ಕೆ ತಿಳಿಯದು. ಜೇಡರ ಬಲೆಯ ಎಳೆಗಳಂತೆ ಗಾಜಿನೊಳಗೆ ಕವಲೊಡೆದು ಬೆಳೆದ ಮೇಲೆ ಅದನ್ನು ಒರೆಸಿದರೂ ಕಲೆ ಉಳಿದುಬಿಡುತ್ತದೆ. ಚಂದವೆಂದು ಕ್ಯಾಮೆರಾವನ್ನು ಅದರ ಹಳೆಯ ಚರ್ಮದ ಚೀಲದಲ್ಲಿಯೇ ಇಡುವವರಿದ್ದಾರೆ. ಅದಕ್ಕಿಂತ ತಪ್ಪು ಬೇರೊಂದಿಲ್ಲ. ಚರ್ಮ ತೇವವನ್ನು ಹೀರಿ ಹಿಡಿದಿಟ್ಟು ಬೂಷ್ಟಿಗೆ ತವರುಮನೆಯಾಗುತ್ತದೆ. ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಕ್ಯಾಮೆರಾ ಇದ್ದರೆ ಇಂದೇ ಚೀಲದಿಂದ ಹೊರತೆಗೆಯಿರಿ. ಉಳಿದದ್ದನ್ನು ಆಮೇಲೆ ಓದಬಹುದು.

ಮೊದಲು ಅವರು ನನ್ನ ಕೈಗೆ ಕೊಟ್ಟದ್ದು ಒಂದು ಛಾಯಾಚಿತ್ರ. ಅದರಲ್ಲಿ ಇದ್ದುದು ಸಾಕ್ಷಾತ್ ಒಂದು ಮೆಷಿನ್‌ಗನ್! “ಇದು ಕ್ಯಾಮೆರಾ,” ಎಂದರು. ಇದನ್ನು ಕೊಳ್ಳುವ ಶಕ್ತಿ ಅವರಿಗಿಲ್ಲ. ಚಿತ್ರವನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಮುಂದೆ ಕೊನಿಕಾ ಎಂದು ಹೆಸರಾದ ಕೊನಿಶಿರೊಕು ಸಂಸ್ಥೆಯ ರೊಕುಓಶ ಕಾರ್ಖಾನೆಯಲ್ಲಿ ತಯಾರಾದ ‘ಮಾದರಿ 89’ ಎಂಬ ಬಂದೂಕು-ಕ್ಯಾಮೆರಾ ಅದು. ವಿಮಾನದಲ್ಲಿ ಕುಳಿತು ಗುಂಡು ಹಾರಿಸಬೇಕಾದವರ ತರಬೇತಿಗೆಂದು ಮಾಡಿದ್ದು. ಕುದುರೆಯನ್ನು ಎಳೆದರೆ ಗುಂಡು ಹಾರುವುದಿಲ್ಲ. ಸಿನಿಮಾ ಫಿಲ್ಮಿನ ಮೇಲೆ ಚಿತ್ರಗಳು ಮೂಡುತ್ತವೆ. ಆಮೇಲೆ ಫಿಲ್ಮನ್ನು ತೊಳೆದು ನೋಡಿ, ನಿಜವಾದ ಗುಂಡಾಗಿದ್ದರೆ ಎಲ್ಲಿಗೆ ತಗಲುತ್ತಿತ್ತು ಎಂದು ಗುರುಗಳು ಶಿಷ್ಯನಿಗೆ ತೋರಿಸಿಕೊಡುತ್ತಿದ್ದರು. ಹೆಕ್ಸಾರ್ ಎಂಬ ಅದರ ಮಸೂರ ಇಂದಿಗೂ ಒಳ್ಳೆಯ ಹೆಸರುಳ್ಳದ್ದು.

ಆ 89ರ ಅರ್ಥವನ್ನು ತಿಳಿಯದೆ ಈ ವ್ಯವಹಾರಕ್ಕೆ ಇಳಿಯುವಂತಿಲ್ಲ. ಜಪಾನೀಯರ ಸಾಮ್ರಾಜ್ಯ ಶಕೆ ಕ್ರಿಸ್ತಶಕಕ್ಕಿಂತ 660 ವರ್ಷ ಹಿಂದಿನದು. ನಾವು ಶಾಲಿವಾಹನ ಶಕೆಗೆ 78 ಕೂಡಿಸಿ ಇಸವಿ ಹಿಡಿಯುವಂತೆ, ಅವರ ಶಕೆಯಿಂದ 660 ಕಳೆದರೆ ಇಸವಿ ಸಿಗುತ್ತದೆ. 2589 ಎಂದರೆ 1929. ಅದರ ಕೊನೆಯ ಎರಡು ಅಂಕೆಗಳೇ ಮಾದರಿಯ ಸಂಖ್ಯೆ. ‘ಮಾದರಿ 99’ ಎಂದಿದ್ದರೆ 1939. ಇನ್ನು 2600 ಬಂದಾಗ ಒಂದು ಸ್ವಾರಸ್ಯ ನಡೆಯಿತು. ಅದೇ ವರ್ಷಕ್ಕೆ ಭೂಸೈನ್ಯ ‘100’ ಎಂದು ಬರೆಯಿತು, ನೌಕಾಸೈನ್ಯ ‘0’ ಎಂದು ಬರೆಯಿತು. ಝೀರೊ ಎಂದು ಜಗತ್ತೆಲ್ಲ ಹೆದರಿದ ಯುದ್ಧವಿಮಾನಕ್ಕೆ ಹೆಸರು ಬಂದದ್ದು ಹೀಗೆ. ಒಂದೇ ದೇಶದ ಎರಡು ಸೈನ್ಯಗಳು ಇಸವಿಯ ವಿಷಯದಲ್ಲಿ ಸಹ ಒಮ್ಮತಕ್ಕೆ ಬಾರದೆ ಇದ್ದವು ಎಂದರೆ ಉಳಿದ ವಿಷಯಗಳನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇಷ್ಟೆಲ್ಲ ಮಾಡಲು ಜಪಾನಿಗೆ ಗಾಜು ಬೇಕಾಗಿತ್ತು. ಮಸೂರದ ಗಾಜು ಎಂದರೆ ಕಿಟಕಿಯ ಗಾಜಲ್ಲ. ಅದರಲ್ಲಿ ಒಂದು ಗುಳ್ಳೆ, ಒಂದು ಎಳೆ ಇದ್ದರೂ ಕೆಲಸಕ್ಕೆ ಬಾರದು. ಅದುವರೆಗೆ ಅದು ಜರ್ಮನಿಯಿಂದ ಬರುತ್ತಿತ್ತು. ಮೊದಲ ಮಹಾಯುದ್ಧ ಆ ದಾರಿಯನ್ನು ಮುಚ್ಚಿತು. 1917ರಲ್ಲಿ, ಇಂದು ನಿಕಾನ್ ಎಂದು ಹೆಸರಾಗಿರುವ ನಿಪ್ಪಾನ್ ಕೊಗಾಕು ಸಂಸ್ಥೆ ಹುಟ್ಟಿದ್ದೇ ಈ ಕೊರತೆಯಿಂದ. 1921ರಲ್ಲಿ ಎಂಟು ಮಂದಿ ಜರ್ಮನ್ ತಜ್ಞರನ್ನು ಕರೆಸಿಕೊಂಡು ವಿದ್ಯೆ ಕಲಿತರು. ಯಮಾಟೊ ಎಂಬ ಮಹಾನೌಕೆಯ ಮೇಲೆ ಗುರಿಯ ದೂರವನ್ನು ಅಳೆಯಲು ಇದೇ ಸಂಸ್ಥೆ ಮಾಡಿಕೊಟ್ಟ ಉಪಕರಣ 15 ಮೀಟರು ಉದ್ದವಿದ್ದಿತು. 1945ರ ಏಪ್ರಿಲ್‌ನಲ್ಲಿ ನೌಕೆಯೊಡನೆ ಅದೂ ಮುಳುಗಿತು. ಯುದ್ಧ ಮುಗಿಯುವ ಹೊತ್ತಿಗೆ ಸಂಸ್ಥೆಗೆ 19 ಕಾರ್ಖಾನೆಗಳು, 23,000 ಕೆಲಸಗಾರರು. ಆಮೇಲೆ ಉಳಿದವರು 1,400 ಮಂದಿ. ಅವರು ಹೊಟ್ಟೆಪಾಡಿಗಾಗಿ ಸಾಮಾನ್ಯರ ಕ್ಯಾಮೆರಾ ಮಾಡಲು ಕುಳಿತರು. 1948ರಲ್ಲಿ ಹೊರಬಂದ ಮೊದಲ ನಿಕಾನ್‌ಗೆ ಹಿನ್ನೆಲೆ ಇದು.

ಕ್ಯಾನನ್ ಕಥೆ ಬೇರೆ. 1934ರಲ್ಲಿ ಟೋಕಿಯೋದ ರೊಪ್ಪೊಂಗಿಯಲ್ಲಿ ಒಂದು ಚಿಕ್ಕ ಪ್ರಯೋಗಶಾಲೆ. ಜರ್ಮನಿಯ ಲೈಕಾಗೆ ಸರಿಗಟ್ಟುವ ಕ್ಯಾಮೆರಾ ಮಾಡಬೇಕೆಂಬ ಹಟ. ಮಾಡಿದ ಮಾದರಿಗೆ ‘ಕ್ವಾನನ್’ ಎಂದು ಹೆಸರಿಟ್ಟರು. ಕ್ವಾನನ್ ಎಂದರೆ ಕರುಣಾಮೂರ್ತಿಯಾದ ಬೋಧಿಸತ್ವ, ನಮ್ಮ ಅವಲೋಕಿತೇಶ್ವರನೇ. ಸಾವಿರ ಕೈಗಳ ಆ ಮೂರ್ತಿಯ ಚಿತ್ರವೇ ಲಾಂಛನವಾಗಿತ್ತು. ಮಸೂರದ ಹೆಸರು ‘ಕಶ್ಯಪ’, ಬುದ್ಧನ ಶಿಷ್ಯ ಮಹಾಕಾಶ್ಯಪನ ನೆನಪಿಗೆ. ಮಂಗಳೂರಿನ ಕದ್ರಿಯ ಮಂಜುನಾಥ ದೇವಾಲಯಕ್ಕೆ ಹೋದವರು ಅಲ್ಲಿಯ ಕಂಚಿನ ಲೋಕೇಶ್ವರನನ್ನು ನೋಡಿರುತ್ತೀರಿ. 968ರಲ್ಲಿ ಆಳುಪರ ಕುಂದವರ್ಮ ಪ್ರತಿಷ್ಠೆ ಮಾಡಿಸಿದ ಆ ಮೂರ್ತಿಯೂ ಈ ಕ್ವಾನನ್ನನೂ ಒಬ್ಬನೇ ದೇವರು. ನೋಟದಲ್ಲಿ ಕರುಣೆಯುಳ್ಳವನು ಎಂಬ ಕಾರಣಕ್ಕೆ ಕ್ಯಾಮೆರಾಗೆ ಅವನ ಹೆಸರು ಹೊಂದುತ್ತಿತ್ತು. ವ್ಯಾಪಾರಕ್ಕೆ ಹೊಂದಲಿಲ್ಲವೆಂದು ತೋರುತ್ತದೆ. ಬೇಗನೆ ಅದು ‘ಕ್ಯಾನನ್’ ಆಯಿತು. 1936ರ ಅವರ ಹನ್ಸಾ ಕ್ಯಾನನ್‌ಗೆ ಮಸೂರ ಕೊಟ್ಟವರು ನಿಕಾನ್‌ನವರೇ. ಇಂದು ಅಂಗಡಿಯಲ್ಲಿ ಎದುರುಬದುರು ಕುಳಿತಿರುವ ಎರಡು ಹೆಸರುಗಳು ಒಂದು ಕಾಲಕ್ಕೆ ಒಂದೇ ಪೆಟ್ಟಿಗೆಯಲ್ಲಿದ್ದವು.

1937ರಲ್ಲಿ ಅದು ಸೇಯ್ಕಿ ಕೊಗಾಕು ಎಂಬ ಕಂಪನಿಯಾಯಿತು. ಅದಕ್ಕೆ ಬೆಂಬಲವಾಗಿ ನಿಂತು 1942ರಲ್ಲಿ ಅಧ್ಯಕ್ಷರಾದವರು ಮಿತರಾಯ್ ತಕೇಶಿ. ಕಸುಬಿನಿಂದ ಹೆರಿಗೆ ವೈದ್ಯರು. ವೈದ್ಯರಿಗೂ ಕ್ಯಾಮೆರಾ ಕಂಪನಿಗೂ ಏನು ಸಂಬಂಧ ಎಂದು ನಾನು ಕೇಳಿದಾಗ ಮಿತ್ರರು ಬೀರುವಿನ ಕೆಳಗಿನ ಅರೆಯಿಂದ ಒಂದು ಕಪ್ಪು ಪೆಟ್ಟಿಗೆಯನ್ನು ಹೊರತೆಗೆದರು.

ಅದನ್ನು ಯಾರೂ ಕ್ಯಾಮೆರಾ ಎನ್ನುವಂತಿರಲಿಲ್ಲ. ಇಣುಕಿ ನೋಡಲು ಕಿಂಡಿ ಇಲ್ಲ. ದೂರವನ್ನು ಹೊಂದಿಸುವ ಬಳೆ ಇಲ್ಲ. ಷಟರ್ ಕೂಡ ಇಲ್ಲ. ಕ್ಯಾಮೆರಾದ ಕಣ್ಣಿಗೆ ಷಟರೇ ರೆಪ್ಪೆಯಲ್ಲವೆ? ಇದು ರೆಪ್ಪೆಯೇ ಇಲ್ಲದೆ ಹುಟ್ಟಿದ ಕಣ್ಣು. ಮುಂದೆ ಒಂದು ದಪ್ಪ ಗಾಜು, ಹಿಂದೆ ಫಿಲ್ಮನ್ನು ಸುತ್ತುವ ಒಂದು ಗುಂಡಿ. ಅಷ್ಟೆ.

ಆ ಕಾಲದ ಜಪಾನಿನಲ್ಲಿ ಕ್ಷಯರೋಗ ಮನೆಮನೆಯ ಮಾತು. 1935ರಿಂದ 1950ರವರೆಗೆ ಆ ದೇಶದಲ್ಲಿ ಸಾವಿಗೆ ಮೊದಲನೆಯ ಕಾರಣ ಅದೇ ಆಗಿದ್ದಿತು. 1943ರ ಒಂದೇ ವರ್ಷದಲ್ಲಿ 1,70,000ಕ್ಕೂ ಹೆಚ್ಚು ಜನ ಅದಕ್ಕೆ ಬಲಿಯಾದರು. ಸತ್ತವರಲ್ಲಿ ಬಹಳ ಮಂದಿ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರು. ಬಟ್ಟೆ ಗಿರಣಿಯಲ್ಲಿ ದುಡಿಯುವವರು, ಸೈನ್ಯಕ್ಕೆ ಸೇರುವವರು. ರೋಗ ಮುಖದಲ್ಲಿ ಕಾಣುವ ಮೊದಲೇ ಎದೆಯಲ್ಲಿ ಕಾಣುತ್ತದೆ. ಆದರೆ ಪ್ರತಿಯೊಬ್ಬರ ಎದೆಯ ಕ್ಷ-ಕಿರಣ ಚಿತ್ರವನ್ನೂ ತೆಗೆಯುವುದೆಂದರೆ ಹುಡುಗಾಟವೆ? ಒಂದೊಂದು ಎದೆಗೂ 14 ಅಂಗುಲ ಅಗಲ, 17 ಅಂಗುಲ ಉದ್ದದ ಫಿಲ್ಮು ಬೇಕು. ಅದರಲ್ಲಿರುವುದು ಬೆಳ್ಳಿಯ ಲವಣ. ಯುದ್ಧದ ನಡುವೆ ಬೆಳ್ಳಿಯನ್ನು ಎಲ್ಲಿಂದ ತರುವುದು?

ಸೆಂಡೈ ನಗರದ ತೊಹೊಕು ವಿಶ್ವವಿದ್ಯಾನಿಲಯದ ಕೊಗಾ ಯೊಶಿಹಿಕೊ ಎಂಬ ವೈದ್ಯರು 1936ರ ಸುಮಾರಿಗೆ ಇದಕ್ಕೊಂದು ಉಪಾಯವನ್ನು ಮುಂದಿಟ್ಟರು. ಅದೇ ಹೊತ್ತಿಗೆ ಭೂಗೋಳದ ಆ ಮಗ್ಗುಲಲ್ಲಿ, ಬ್ರೆಜಿಲ್ ದೇಶದ ಮಾನುಯೆಲ್ ಡಿ ಅಬ್ರಿಯೂ ಎಂಬವರಿಗೂ ಅದೇ ಹೊಳೆದಿತ್ತು. ಕ್ಷ-ಕಿರಣ ದೇಹವನ್ನು ಹಾಯ್ದು ಹೊಳೆಯುವ ಪರದೆಯೊಂದರ ಮೇಲೆ ಬಿದ್ದಾಗ ಎದೆಯ ನೆರಳು ಅಲ್ಲಿ ಬೆಳಕಾಗಿ ಮೂಡುತ್ತದೆ. ಆ ಪರದೆಯ ಫೋಟೋವನ್ನು ಸಾಮಾನ್ಯ 35 ಮಿಲಿಮೀಟರಿನ ಸಿನಿಮಾ ಫಿಲ್ಮಿನ ಮೇಲೆ ತೆಗೆದುಬಿಟ್ಟರೆ? ದೊಡ್ಡ ಫಿಲ್ಮು ಒಂದೇ ಒಂದು ಎದೆಗೆ ಸಾಲುವ ಜಾಗದಲ್ಲಿ ನೂರೈವತ್ತಕ್ಕೂ ಹೆಚ್ಚು ಎದೆಗಳು ಹಿಡಿಸುತ್ತವೆ!

ಹೇಳಲು ಸುಲಭ. ಪರದೆಯ ಬೆಳಕು ಮಿಣುಕುಹುಳುವಿನ ಬೆಳಕಿನಷ್ಟು ಮಂದ. ಅದನ್ನು ಹಿಡಿಯಲು ತುಂಬ ಅಗಲವಾಗಿ ಬಾಯ್ತೆರೆದ ಮಸೂರ ಬೇಕು. ಹನ್ಸಾ ಕ್ಯಾನನ್‌ನ ಎಫ್ 3.5 ಮಸೂರ ಸಾಲದು, ಎಫ್ 1.5 ಬೇಕು. ಎಂದರೆ ಐದು ಪಟ್ಟಿಗೂ ಹೆಚ್ಚು ಬೆಳಕು. ಸೇಯ್ಕಿ ಕೊಗಾಕು 1940ರಲ್ಲಿ ಜಪಾನಿನ ಮೊದಲ ಇಂಥ ಕ್ಷ-ಕಿರಣ ಕ್ಯಾಮೆರಾವನ್ನು ಮಾಡಿತು. ಅದಕ್ಕೆ ಹೊಂದುವ ‘ಆರ್-ಸೆರೆನಾರ್’ ಮಸೂರವನ್ನೂ ತಾನೇ ಮಾಡಿತು. ನಿಕಾನ್‌ನವರು ‘ರೆಗ್ನೊ-ನಿಕ್ಕೋರ್’ ಎಂಬುದನ್ನು ಮಾಡಿದರು. ಷಟರ್ ಏಕಿಲ್ಲವೆಂಬುದು ಈಗ ಹೊಳೆದಿರಬೇಕು. ಪರದೆ ಮತ್ತು ಕ್ಯಾಮೆರಾಗಳ ನಡುವೆ ಇರುವುದು ಬೆಳಕು ಸೋರದ ಕತ್ತಲ ಗೂಡು. ಕ್ಷ-ಕಿರಣ ಹೊಮ್ಮಿದಷ್ಟು ಹೊತ್ತು ಮಾತ್ರ ಅಲ್ಲಿ ಬೆಳಕು. ರೆಪ್ಪೆಯ ಕೆಲಸವನ್ನು ಕಿರಣವೇ ಮಾಡುತ್ತದೆ. ನೋಡಬೇಕಾದ ಪರದೆ ಒಂದೇ ದೂರದಲ್ಲಿರುವುದರಿಂದ ದೂರ ಹೊಂದಿಸುವ ಬಳೆಯೂ ಬೇಡ.

ಈ ಕಾರಣದಿಂದಲೇ ಸಂಗ್ರಾಹಕರಲ್ಲಿ ಬಹಳ ಮಂದಿ ಇದನ್ನು ಮೂಸಿಯೂ ನೋಡುತ್ತಿರಲಿಲ್ಲ. ಎಫ್ 1.5 ಎಂದು ಕೇಳಿ ಬಾಯಲ್ಲಿ ನೀರೂರಿಸಿಕೊಂಡು ಕೊಂಡವರು, ಹೊಸ ಕ್ಯಾಮೆರಾಗೆ ಹಚ್ಚಿ ಬೆಟ್ಟವನ್ನು ನೋಡಿದರೆ ಬೆಟ್ಟವೇ ಕಾಣಿಸದು. ಅದು ಹುಟ್ಟಿದ್ದು ಕೆಲವು ಅಡಿ ದೂರದ ಪರದೆಯೊಂದನ್ನು ನೋಡಲು.

ಅವರಿಗೆಲ್ಲ ಬೇಕಾದದ್ದು ಸೈನ್ಯದ ಮುದ್ರೆ. ನೌಕಾಸೈನ್ಯದ ಲಂಗರಿನ ಗುರುತು ಕೆತ್ತಿದ್ದರೆ ಬೆಲೆ ಏರಿತು. ಇಲ್ಲಿಯೇ ಮೋಸವೂ ಹುಟ್ಟುತ್ತದೆ. ಸೋವಿಯತ್ ಒಕ್ಕೂಟದಲ್ಲಿ 1934ರಿಂದ ಲೈಕಾದ ನಕಲಾಗಿ ತಯಾರಾದ ಫೆಡ್ ಕ್ಯಾಮೆರಾಗಳನ್ನು 1990ರ ಬಳಿಕ ಕೆಲವರು ಉಜ್ಜಿ, ಹಿತ್ತಾಳೆ ಬಣ್ಣ ಕೊಟ್ಟು, ಜರ್ಮನ್ ಸೈನ್ಯದ ಹದ್ದನ್ನು ಕೆತ್ತಿ, ಯುದ್ಧಕಾಲದ ಲೈಕಾ ಎಂದು ರಾಶಿರಾಶಿಯಾಗಿ ಮಾರಿದರು. ಹದ್ದನ್ನು ಕೆತ್ತುವ ಕೈಗೆ ಲಂಗರನ್ನು ಕೆತ್ತುವುದು ಎಷ್ಟರ ಮಾತು? ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಈ ಹವ್ಯಾಸ ಹೇಳಿಸಿದ್ದಲ್ಲ. ಮೊದಲು ತಿರುಪುಗಳನ್ನು ನೋಡಬೇಕು. ತಿರುಪಿನ ತಲೆ ಹೊಸದಾಗಿ ಗೀಚಿದ್ದರೆ ಯಾರೋ ಒಳಗೆ ಹೊಕ್ಕಿದ್ದಾರೆ. ಕೆತ್ತನೆಯ ಅಂಚು ಚೂಪಾಗಿದ್ದು ಸುತ್ತಲಿನ ಲೋಹ ಸವೆದಿದ್ದರೆ ಕೆತ್ತನೆ ನಿನ್ನೆಯದು.

ಇಷ್ಟು ಬಲ್ಲ ನನ್ನ ಮಿತ್ರರೂ ಮೋಸಹೋದರು. ಇನ್ನೊಬ್ಬರಿಂದಲ್ಲ, ತಮ್ಮ ಆಸೆಯಿಂದಲೇ. ಟೋಕಿಯೋದಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹಳೆಯ ಕ್ಯಾಮೆರಾಗಳ ಅಂಗಡಿಯೊಂದಕ್ಕೆ ಹೊಕ್ಕರು. ಅಲ್ಲಿ ಒಂದು ಮೂಲೆಯಲ್ಲಿ ‘ಜಂಕ್’ ಎಂದು ಬರೆದ ತಟ್ಟೆಯಲ್ಲಿ ಕೆಟ್ಟ ಸಾಮಾನುಗಳನ್ನು ಗುಡ್ಡೆಹಾಕಿ, ಹೇಗಿದೆಯೋ ಹಾಗೆ ಕೊಂಡುಹೋಗಿ ಎಂದು ಬಿಟ್ಟಿರುತ್ತಾರೆ. ಅದರಲ್ಲಿ ಈ ಕಪ್ಪು ಪೆಟ್ಟಿಗೆ. ಸೆರೆನಾರ್ ಎಂಬ ಹೆಸರನ್ನು ಓದಿದ್ದೇ ತಡ, ಕೈ ನಡುಗಿತಂತೆ. 1940ರ ದಶಕದ ಯುದ್ಧಕಾಲದ ವಸ್ತುವೇ ಇದು ಎಂದು ನಿಶ್ಚಯಿಸಿಕೊಂಡು, ಅಂಗಡಿಯವರಿಗೆ ಗೊತ್ತಾಗಿಬಿಟ್ಟೀತೆಂದು ಮುಖ ತಿರುಗಿಸಿಯೇ ಹಣ ಕೊಟ್ಟು ಹೊರಬಂದರು. ರಾತ್ರಿ ಮಗಳ ಮನೆಯಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ, ಮಸೂರದ ಸುತ್ತ ಕೆತ್ತಿದ್ದ ಕಂಪನಿಯ ಹೆಸರು ಸೇಯ್ಕಿ ಕೊಗಾಕು ಅಲ್ಲ. ಕ್ಯಾನನ್ ಕ್ಯಾಮೆರಾ ಕಂಪನಿ. ಕಂಪನಿ ಹೆಸರು ಬದಲಾದದ್ದು 1947ರ ಸೆಪ್ಟೆಂಬರಿನಲ್ಲಿ. ಯುದ್ಧ ಮುಗಿದು ಎರಡು ವರ್ಷವಾಗಿತ್ತು.

“ಹಾಗಾದರೆ ಇದಕ್ಕೆ ಬೆಲೆ ಇಲ್ಲವೆ?” ಎಂದೆ.

“ಸಂಗ್ರಹದ ಲೆಕ್ಕದಲ್ಲಿ ಇಲ್ಲ. ಕೊಡುತ್ತೀನೆಂದರೂ ಯಾರೂ ಕೊಳ್ಳುವುದಿಲ್ಲ.” ಸ್ವಲ್ಪ ತಡೆದು, “ಕೊಡುವುದೂ ಇಲ್ಲ,” ಎಂದರು.

ಅವರು ಹುಟ್ಟಿದ್ದು ನೆಲಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದ ಮೇಲೆ, 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮನೆಮನೆಯನ್ನೂ ಎಣಿಸಿ ಪರೀಕ್ಷೆ ನಡೆಯಿತು. ಊರಿಗೆ ವ್ಯಾನು ಬರುತ್ತಿತ್ತು. ಯಂತ್ರ ಯಾವ ದೇಶದ್ದಾದರೂ ಉಪಾಯ ಮೇಲೆ ಹೇಳಿದ್ದೇ: ಕತ್ತಲ ಗೂಡು, ಹೊಳೆಯುವ ಪರದೆ, ಚಿಕ್ಕ ಫಿಲ್ಮು. ಮಿತ್ರರಿಗೆ ಆಗ ಆರು ವರ್ಷ. ಚಾವಡಿಯ ಮುಂದೆ ವ್ಯಾನು ನಿಂತಿತು. ಊರಿನ ಗಂಡಸರು ಅಂಗಿ ಬಿಚ್ಚಿ ಸಾಲಾಗಿ ನಿಂತರು. ಹೆಂಗಸರಿಗೆ ಬೇರೆ ಸಾಲು. ಕೊರಳಿನಲ್ಲಿರುವುದನ್ನು ತೆಗೆಯಬೇಕು ಎಂದರು. ಇವರ ತಾಯಿ ಕರಿಮಣಿಯನ್ನು ಹೇಗೋ ಹೆಗಲಿನ ಹಿಂದಕ್ಕೆ ಸರಿಸಿಕೊಂಡು ನಿಂತು ಬಂದರು. ಚಿಕ್ಕಮ್ಮ ಬರಲಿಲ್ಲ. ಎದೆಯೊಳಗನ್ನು ನೋಡುವ ಪೆಟ್ಟಿಗೆಯಂತೆ, ನೋಡಿಸಿಕೊಂಡವರಿಗೆ ಮಕ್ಕಳಾಗುವುದಿಲ್ಲವಂತೆ ಎಂದು ಯಾರೋ ಹೇಳಿದ್ದರು. ಮದುವೆಯಾಗಿ ಎರಡು ವರ್ಷವಾಗಿದ್ದ ಆಕೆ ಹಿತ್ತಲಿನ ಹುಲ್ಲಿನ ಮೆದೆಯ ಹಿಂದೆ ಕುಳಿತುಬಿಟ್ಟರು. ಅಲ್ಲಿದ್ದಾರೆಂದು ಈ ಹುಡುಗನಿಗೆ ಗೊತ್ತಿತ್ತು. ಬಾಯಿಗೆ ಬೆರಳಿಟ್ಟು ಹೇಳಬೇಡವೆಂದು ಸನ್ನೆ ಮಾಡಿದ್ದರಂತೆ. ಕೈಗೊಂದು ಬೆಲ್ಲದ ಅಚ್ಚನ್ನೂ ಕೊಟ್ಟರು. ಇವರು ಹೇಳಲಿಲ್ಲ.

“ಆಗಲೇ ಕೆಮ್ಮು ಇತ್ತು,” ಎಂದರು ಮಿತ್ರರು. “ಮುಂದಿನ ವರ್ಷದ ಗೌರಿ ಹಬ್ಬಕ್ಕೆ ಆಕೆ ಇರಲಿಲ್ಲ.”

ಶ್ರೀಮತಿಯವರು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಈ ಕಥೆಯನ್ನು ಅವರೂ ಮೊದಲು ಕೇಳಿದ್ದಂತೆ ಕಾಣಲಿಲ್ಲ. ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು, ಗಾದೆ ಹೇಳಲಿಲ್ಲ.

ಆರು ವರ್ಷದ ಮಗುವಿನ ಮೇಲೆ ಯಾವ ತಪ್ಪನ್ನು ಹೊರಿಸುವುದು? ನಾನು ಹಾಗೆ ಹೇಳಿದೆ. ಅದನ್ನು ತಮಗೆ ತಾವೇ ಅರವತ್ತು ವರ್ಷದಿಂದ ಹೇಳಿಕೊಂಡು ಬಂದವರ ಮುಖ ಅವರದು. ವಿಷಯ ಬದಲಾಯಿಸಲೆಂದು, ಈ ಪೆಟ್ಟಿಗೆಗಳ ಕಾಲ ಮುಗಿದದ್ದು ಹೇಗೆ ಎಂದು ಕೇಳಿದೆ. ಅದಕ್ಕೂ ನಮ್ಮ ಬೆಂಗಳೂರಿನ ಸಂಸ್ಥೆಯೇ ಒಂದು ಕಾರಣವೆಂಬುದು ನನಗೆ ಹೊಸದು. ಅಲ್ಲಿಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳ್ಳಿಗಳ ಕ್ಷಯರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೆಮ್ಮು ಎಂದು ತಾವಾಗಿಯೇ ಆಸ್ಪತ್ರೆಗಳಿಗೆ ಹೋಗಿಬಂದಿದ್ದರೆಂದೂ, ಅಲ್ಲಿ ಕೆಮ್ಮಿನ ಔಷಧ ಕೊಟ್ಟು ಕಳುಹಿಸಿದ್ದರೆಂದೂ ತೋರಿಸಿದರು. ಹಾಗೆ ಬಂದವರ ಕಫವನ್ನು ಅಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುಪಾಲು ಸಾಕು. ಊರೂರಿಗೆ ವ್ಯಾನು ಓಡಿಸಬೇಕಾಗಿಲ್ಲ. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೂ ಊರಿಗೆ ಊರನ್ನೇ ನಿಲ್ಲಿಸಿ ಚಿತ್ರ ತೆಗೆಯುವ ಪದ್ಧತಿಯನ್ನು ಬಿಡಬೇಕೆಂದರು.

ಕ್ಷ-ಕಿರಣದ ಫಿಲ್ಮಿನ ಬಗ್ಗೆ ಇನ್ನೊಂದು ಸಂಗತಿಯನ್ನೂ ಅವರು ಅಂದು ಹೇಳಿದರು. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಿದ್ದದ್ದು ಎಂಥ ಬಾಂಬು ಎಂದು ಅಲ್ಲಿಯವರಿಗೆ ತಿಳಿಯದೆ ಇದ್ದಾಗ, ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಮುಚ್ಚಿಟ್ಟಿದ್ದ ಕ್ಷ-ಕಿರಣ ಫಿಲ್ಮುಗಳನ್ನು ತೆರೆದು ನೋಡಿದರು. ಬೆಳಕು ಕಾಣದ ಫಿಲ್ಮುಗಳು ತಾವಾಗಿಯೇ ಕಪ್ಪಾಗಿದ್ದವು. ಪರೀಕ್ಷಿಸಲು ಬಂದ ವಿಜ್ಞಾನಿಗಳಿಗೆ ಅದು ದೊಡ್ಡ ಸಾಕ್ಷಿಯಾಯಿತು.

ಟೋಕಿಯೋಗೆ ಹೋಗುವವರು ಯಾರಾದರೂ ಇದ್ದರೆ ಇಚಿಬಂಚೊ ಎಂಬಲ್ಲಿ 1989ರಲ್ಲಿ ತೆರೆದ ಜಪಾನೀ ಕ್ಯಾಮೆರಾ ವಸ್ತುಸಂಗ್ರಹಾಲಯವನ್ನು ನೋಡಿಬನ್ನಿ ಎಂದು ಮಿತ್ರರ ಸಲಹೆ. ಕೊಳ್ಳುವ ಹುಚ್ಚು ಅಲ್ಲಿ ಸ್ವಲ್ಪ ಇಳಿಯುತ್ತದಂತೆ. ತಮ್ಮ ವಿಷಯದಲ್ಲಿ ಏಕೆ ಇಳಿಯಲಿಲ್ಲವೆಂದು ಅವರು ಹೇಳಲಿಲ್ಲ.

ಮೊನ್ನೆ ಮತ್ತೆ ಹೋಗಿದ್ದೆ. ಕಪ್ಪು ಪೆಟ್ಟಿಗೆ ಕೆಳಗಿನ ಅರೆಯಿಂದ ಮೇಲಿನ ಅರೆಗೆ ಬಂದಿದೆ. ಪಕ್ಕದಲ್ಲಿ ತೇವ ಹೀರುವ ಸಿಲಿಕಾ ಹರಳುಗಳ ಹೊಸ ಪೊಟ್ಟಣ, ಇಟ್ಟವರು ಶ್ರೀಮತಿಯವರು. ಮುಂದಿನ ತಿಂಗಳು ಮಗಳು ಜಪಾನಿನಿಂದ ಬರುತ್ತಾಳೆ. ಅಪ್ಪನಿಗೆಂದು ಏನನ್ನೂ ತರಬೇಡ ಎಂದು ತಾಯಿ ಹೇಳಿದ್ದಾರೆ. ಅಪ್ಪ ಏನು ಹೇಳಿದ್ದಾರೆಂಬುದು ನನಗೆ ಗೊತ್ತು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ.